ಸಂಘಗಳು ವಿಜ್ಞಾನಕ್ಕೂ ಒಂದು ಭಾನುವಾರ ಕೊಡಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮುಂಬಯಿ ಕನ್ನಡ ಸಂಘಗಳ ಕಾರ್ಯಕ್ರಮಗಳ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ತಪ್ಪದೆ ಓದುತ್ತೇನೆ. ಯಕ್ಷಗಾನ, ತಾಳಮದ್ದಳೆ, ಕವಿಗೋಷ್ಠಿ, ಪುಸ್ತಕ ಬಿಡುಗಡೆ, ಸನ್ಮಾನ. ಎಲ್ಲವೂ ಬೇಕು. ಆದರೆ ಕನ್ನಡದಲ್ಲಿ ವಿಜ್ಞಾನದ ಮಾತುಕತೆ ಮಾತ್ರ ತೀರಾ ಕಡಿಮೆ.

ಇದೇ ಊರಿನಲ್ಲಿ ವಿಜ್ಞಾನಿಯೊಬ್ಬರು ದಾರಿ ತೋರಿಸಿದ್ದಾರೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಅರ್ನಬ್ ಭಟ್ಟಾಚಾರ್ಯ ಅವರ ಕ್ಷೇತ್ರ ಅರೆವಾಹಕ, ಅಂದರೆ ಸೆಮಿಕಂಡಕ್ಟರ್ ಹರಳುಗಳು. ಗ್ಯಾಲಿಯಂ ನೈಟ್ರೈಡ್‌ನಂಥ ವಸ್ತುವನ್ನು ತೆಳುವಾದ ಪದರ ಪದರವಾಗಿ ಬೆಳೆಸುವ ಕೆಲಸ. ಈ ಲೋಕದ ಅಳತೆ ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ನಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬಿನೊಳಗೆ ಮೊದಲು ಹುಟ್ಟುವುದು ನೀಲಿ ಬೆಳಕು. ಅದು ಹುಟ್ಟುವುದು ಇಂಥ ಪದರಗಳಲ್ಲೇ. ಆ ನೀಲಿ ಎಲ್‌ಇಡಿಗೆ 2014ರಲ್ಲಿ ನೊಬೆಲ್ ಬಂತು.

ಇಂಥ ಕೆಲಸ ಮಾಡುವ ಭಟ್ಟಾಚಾರ್ಯ ಅವರು ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ಟಿಐಎಫ್‌ಆರ್ 2009ರಲ್ಲಿ ಶುರು ಮಾಡಿದ ‘ಚಾಯ್ ಆ್ಯಂಡ್ ವೈ?’ ಎಂಬ ವಿಜ್ಞಾನ ಮಾತುಕತೆಗೆ ಬೆನ್ನೆಲುಬಾದರು. ಜುಹೂವಿನ ಪೃಥ್ವಿ ಥಿಯೇಟರ್, ಮಾಟುಂಗಾದ ರೂಪಾರೆಲ್ ಕಾಲೇಜು, ಭಾನುವಾರ ಬೆಳಿಗ್ಗೆ. ಟಿಕೆಟ್ ಇಲ್ಲ. ಯಾರು ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದು. ಮುಂದೆ ಅವರು ಮಾನ್ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಹೊಣೆಯನ್ನೂ ಹೊತ್ತರು. ಸಂಶೋಧನೆಯಷ್ಟೇ ದೊಡ್ಡ ಸಾಧನೆ ಇದು ಅಂತ ನಾನು ನಂಬುತ್ತೇನೆ.

ಕನ್ನಡದಲ್ಲಿ ಹೀಗೆ ನಡೆದರೆ ಏನಾಗುತ್ತದೆ? ನಮ್ಮ ಕಟ್ಟಡದ ಮಕ್ಕಳಿಗೆ ಒಂದು ಸಂಜೆ ಸಣ್ಣ ಪ್ರಯೋಗ ತೋರಿಸಿದೆ. ಉದ್ದನೆಯ ಗಾಜಿನ ಲೋಟದ ತುಂಬ ನೀರು, ಅದಕ್ಕೆ ನಾಲ್ಕು ಹನಿ ಹಾಲು. ದೀಪ ಆರಿಸಿ ಕೆಳಗಿನಿಂದ ಟಾರ್ಚ್ ಬಿಟ್ಟೆ. ಪಕ್ಕದಿಂದ ನೋಡಿದರೆ ತೆಳು ನೀಲಿ. ಮೇಲಿನಿಂದ ಇಣುಕಿದರೆ ಟಾರ್ಚಿನ ಬೆಳಕು ಹಳದಿ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನಿನ ಕಣಗಳು ಹೆಚ್ಚಾಗಿ ನೂರಿನ್ನೂರು ನ್ಯಾನೋಮೀಟರ್ ಗಾತ್ರದವು. ಅಷ್ಟು ಚಿಕ್ಕ ಕಣಗಳು ನೀಲಿ ಬೆಳಕನ್ನೇ ಜಾಸ್ತಿ ಚದುರಿಸುತ್ತವೆ, ನೀಲಿ ಕಳೆದುಕೊಂಡು ನೇರ ಮೇಲೆ ಬರುವ ಬೆಳಕು ಹಳದಿಯಾಗುತ್ತದೆ.

‘ಅಂಕಲ್, ಹಾಗಾದ್ರೆ ಸಂಜೆ ಸೂರ್ಯ ಕೆಂಪಾಗೋದೂ ಹೀಗೇನಾ?’ ಅಂತ ಒಬ್ಬ ಹುಡುಗಿ ಕೇಳಿದಳು. ಹೆಚ್ಚುಕಡಿಮೆ ಹಾಗೇ, ಅಲ್ಲಿ ಚದುರಿಸುವುದು ಗಾಳಿಯ ಅಣುಗಳು ಅಂದೆ. ಹಿಂದೆ ಕೂತಿದ್ದ ಅವಳ ಅಜ್ಜಿ, ‘ಕೆನೆ ತೆಗೆದ ಹಾಲು ನೀಲಿ ನೀಲಿ ಕಾಣೋದು ಇದಕ್ಕೇ ಅನ್ನಿ’ ಅಂದರು. ನೂರಕ್ಕೆ ನೂರು ಸರಿ! ಇಂಗ್ಲಿಷಿನಲ್ಲಿ ಹೇಳಿದ್ದರೆ ಆ ಅಜ್ಜಿ ಬಾಯಿ ಬಿಡುತ್ತಿರಲಿಲ್ಲ. ಮಕ್ಕಳಿಗೆ ಶಾಲೆಯಲ್ಲಿ ಹೇಗೋ ವಿಜ್ಞಾನ ಸಿಗುತ್ತದೆ. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರಿಗೆ, ಮನೆ ನಡೆಸುತ್ತಲೇ ವಯಸ್ಸಾದವರಿಗೆ ಅದನ್ನು ಯಾರು ಕೊಡುತ್ತಾರೆ?

ಹೇಳುವವರು ಎಲ್ಲಿದ್ದಾರೆ ಅಂತ ಕೇಳುವವರಿದ್ದಾರೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ನಿರ್ದೇಶಕರಾಗಿದ್ದ ರಾಜಾ ರಾಮಣ್ಣ ತಿಪಟೂರಿನವರು. ಇಂದಿಗೂ ಬಿಎಆರ್‌ಸಿ, ಐಐಟಿ, ಟಿಐಎಫ್‌ಆರ್‌ಗಳಲ್ಲಿ ಕನ್ನಡಿಗರಿಗೆ ಬರವಿಲ್ಲ. ಅವರಿಗೆ ಬಿಡುವೆಲ್ಲಿ ಅನ್ನುವುದಾದರೆ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರನ್ನು ನೋಡಿ. ನ್ಯಾನೋ ವಸ್ತುಗಳ ಮೇಲೆ ಜಗತ್ತು ಮೆಚ್ಚಿದ ಕೆಲಸ, 2014ರಲ್ಲಿ ಭಾರತ ರತ್ನ. ಆದರೂ ಪತ್ನಿ ಇಂದುಮತಿಯವರ ಜೊತೆ ಶಾಲಾ ಮಕ್ಕಳಿಗೆ ವಿಜ್ಞಾನ ಮುಟ್ಟಿಸಲು ಸಮಯ ಮಾಡಿಕೊಂಡರು.

ಸಭಾಂಗಣವಂತೂ ನಮ್ಮದೇ ಇದೆ. ರೂಪಾರೆಲ್ ಕಾಲೇಜಿನಿಂದ ಕರ್ನಾಟಕ ಸಂಘಕ್ಕೆ ನಡೆದೇ ಹೋಗಬಹುದು. ಅಲ್ಲಿನ ಸಭಾಗೃಹಕ್ಕೆ ವಿಶ್ವೇಶ್ವರಯ್ಯನವರ ಹೆಸರೇ ಇದೆ. ಯಾವ ಸಂಘವಾದರೂ ಸರಿ, ತಿಂಗಳಿಗೊಂದು ಭಾನುವಾರ ಎರಡು ಗಂಟೆ ಕೊಡಲಿ. ಹಾರ, ಶಾಲು, ಅಧ್ಯಕ್ಷರ ಭಾಷಣ ಬೇಡ. ಅರ್ಧ ಗಂಟೆ ಮಾತು, ಉಳಿದದ್ದೆಲ್ಲ ಪ್ರಶ್ನೆ. ಕನ್ನಡದಲ್ಲಿ ಮಾತಾಡಲು ಒಪ್ಪುವ ವಿಜ್ಞಾನಿಗಳು ಸಂಘಗಳಿಗೆ ಒಂದು ಸಾಲು ಬರೆದು ತಿಳಿಸಲಿ. ನೀವು ಆ ಪ್ರಕಟಣೆಯನ್ನು ಯಕ್ಷಗಾನದ ಸುದ್ದಿಯ ಪಕ್ಕದಲ್ಲೇ ಹಾಕಿ.

ಇತಿ,
ರಾತ್ರಿಶಾಲೆಯ ನಿವೃತ್ತ ಶಿಕ್ಷಕ, ಡೊಂಬಿವಲಿ