ಗಾಂಜಾ ತೆರಿಗೆಯೂ ಶ್ರೀಧರನ ಸಂಬಂಧವೂ

ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ
28 ನವೆಂಬರ್ 2010

ತೀರ್ಥರೂಪ ಅಪ್ಪನವರಿಗೆ ಮಗಳು ವಸುಧಾ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ನಿಮ್ಮ ಕಾಗದ ನಿನ್ನೆ ತಲುಪಿತು. ನಮ್ಮ ಶ್ರೀಧರನಿಗೆ ಹೆಣ್ಣು ಕೊಡಲಿದ್ದ ಸಾಗರದವರು ಜಾತಕ ಕೂಡಿಬಂದ ಮೇಲೂ ಹಿಂದೆಗೆಯುತ್ತಿದ್ದಾರೆಂದು ಓದಿ ಬೇಸರವಾಯಿತು. ನಮ್ಮ ಊರಿನವರು ಓಟು ಹಾಕಿ ಗಾಂಜಾವನ್ನು ಒಪ್ಪಿದ್ದಾರೆ, ಹುಡುಗನಿಗೂ ಆ ಚಟ ಇರಬಹುದು ಎಂದು ಅವರು ಕೊಟ್ಟ ಕಾರಣವನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋನಿನಲ್ಲಿ ಈ ಮಾತೆತ್ತಿದರೆ ಅಮ್ಮ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಅಳುತ್ತಾಳೆ, ಆದ್ದರಿಂದ ಬರೆಯುತ್ತಿದ್ದೇನೆ. ನೀವು ನಿಧಾನವಾಗಿ ಓದಿ, ಆಮೇಲೆ ಅವಳಿಗೆ ಎಷ್ಟು ಹೇಳಬೇಕೋ ಅಷ್ಟನ್ನು ಹೇಳಿ.

ಹುಡುಗಿಯ ಸೋದರಮಾವ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿದುಕೊಂಡಿದ್ದಾರೆ. ಈ ತಿಂಗಳ 2ರಂದು ಇಲ್ಲಿ ಚುನಾವಣೆ ನಡೆಯಿತು. ಇಪ್ಪತ್ತೊಂದು ವರ್ಷ ದಾಟಿದ ಯಾರು ಬೇಕಾದರೂ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಗಾಂಜಾ ಇಟ್ಟುಕೊಳ್ಳಬಹುದೆಂದು ಕಾನೂನು ಮಾಡೋಣವೇ ಎಂದು ಇಡೀ ರಾಜ್ಯದ ಜನರನ್ನು ಕೇಳಿದ್ದು ಪ್ರಾಪೊಸಿಷನ್ 19, ಅದು ಸೋತಿತು. ಗಾಂಜಾ ವ್ಯಾಪಾರ ಮಾಡುವವರಿಂದ ಅವರ ಒಟ್ಟು ವಹಿವಾಟಿನ ಮೇಲೆ ನೂರಕ್ಕೆ 10ರವರೆಗೆ ತೆರಿಗೆ ವಸೂಲು ಮಾಡೋಣವೇ ಎಂದು ನಮ್ಮ ಊರಿನವರನ್ನು ಮಾತ್ರ ಕೇಳಿದ್ದು ಮೆಷರ್ ಯು, ಅದು ಗೆದ್ದಿತು. ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನ ಒಪ್ಪಿದರು. ಒಪ್ಪಿದ್ದು ತೆರಿಗೆಗೆ, ಗಾಂಜಾಕ್ಕಲ್ಲ. ತೆರಿಗೆ ಕಟ್ಟಿದ ಮಾತ್ರಕ್ಕೆ ಯಾವ ಅಂಗಡಿಯೂ ಸಕ್ರಮವಾಗುವುದಿಲ್ಲ, ದರ ಎಷ್ಟೆಂಬುದನ್ನು ನಗರಸಭೆ ಇನ್ನು ಮೇಲೆ ಗೊತ್ತುಮಾಡಬೇಕು.

ತೆರಿಗೆಗೂ ಓಟು ಏಕೆಂದು ನೀವು ಕೇಳುತ್ತೀರಿ. ಇಲ್ಲಿನ ನಗರಸಭೆ ತನ್ನಷ್ಟಕ್ಕೇ ಹೊಸ ತೆರಿಗೆ ಹಾಕುವಂತಿಲ್ಲ, ಜನರನ್ನು ಕೇಳಲೇಬೇಕು. ಹಾಗೆಂದು 1996ರಲ್ಲಿ ರಾಜ್ಯದ ಮತದಾರರೇ ನಿಯಮ ಮಾಡಿಕೊಂಡಿದ್ದಾರೆ. ಬಂದ ಹಣವನ್ನು ಇಂಥದ್ದೇ ಕೆಲಸಕ್ಕೆಂದು ಮುಡಿಪಿಟ್ಟರೆ ಮೂರರಲ್ಲಿ ಎರಡು ಪಾಲು ಮತ ಬೇಕು, ಸಾಮಾನ್ಯ ಖಜಾನೆಗೆ ಹೋಗುವುದಾದರೆ ಅರ್ಧಕ್ಕಿಂತ ಹೆಚ್ಚು ಬಂದರೆ ಸಾಕು. ಇದು ಎರಡನೆಯ ಬಗೆಯದು. ಹಣದ ಅಡಚಣೆ ಎಷ್ಟಿದೆಯೆಂದರೆ ಈ ವರ್ಷ ಅಗ್ನಿಶಾಮಕ ದಳದವರನ್ನೇ ಕೆಲಸದಿಂದ ತೆಗೆದಿದ್ದಾರೆ, ಗ್ರಂಥಾಲಯಗಳು ವಾರದ ಎಲ್ಲ ದಿನ ತೆರೆಯುತ್ತಿಲ್ಲ. ಅಮೆರಿಕದಲ್ಲಿ ರಸ್ತೆಯ ಗುಂಡಿ ಮುಚ್ಚಲು ದುಡ್ಡಿಲ್ಲವೆಂದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ, ಗೊತ್ತು.

ಗಾಂಜಾ ಅಂಗಡಿಗಳು ಈ ಓಟಿನಿಂದ ಹುಟ್ಟಿದವೂ ಅಲ್ಲ. ವೈದ್ಯರ ಶಿಫಾರಸು ಇದ್ದವರು ಔಷಧವಾಗಿ ಬಳಸಬಹುದೆಂದು 1996ರಲ್ಲಿಯೇ ಜನಮತದ ಮೂಲಕ ಕಾನೂನಾಗಿದೆ. ಕ್ಯಾನ್ಸರ್ ರೋಗಿಗಳೂ ಹೋಗುತ್ತಾರೆ, ಬೆನ್ನುನೋವೆಂದು ಚೀಟಿ ಬರೆಸಿಕೊಂಡ ಗಟ್ಟಿಮುಟ್ಟಾದ ಹುಡುಗರೂ ಹೋಗುತ್ತಾರೆ. ಅಂಗಡಿಗಳ ಮುಂದೆ ಹಸಿರು ಶಿಲುಬೆಯ ಗುರುತಿರುತ್ತದೆ. ಅಮ್ಮ ಇಲ್ಲಿಗೆ ಬಂದಿದ್ದಾಗ ಅಂಥದ್ದೊಂದನ್ನು ಮೆಡಿಕಲ್ ಸ್ಟೋರ್ ಎಂದುಕೊಂಡು, ಮೊಣಕಾಲಿಗೆ ಮುಲಾಮು ತರೋಣ, ಕಾರು ನಿಲ್ಲಿಸು ಎಂದಿದ್ದಳು. ನಾನು ಆಗ ಏನೋ ನೆಪ ಹೇಳಿ ಮುಂದೆ ಸಾಗಿದೆ. ದಯವಿಟ್ಟು ಈಗಲೂ ಅವಳಿಗೆ ತಿಳಿಸಬೇಡಿ.

ಇಲ್ಲಿಂದ ಗಂಟೆಯೊಳಗೆ ತಲುಪುವ ಓಕ್‌ಲ್ಯಾಂಡ್ ಊರಿನಲ್ಲಿ ಹೋದ ವರ್ಷ ಜುಲೈಯಲ್ಲಿಯೇ ಇಂಥ ತೆರಿಗೆ ಬಂತು, ಸಾವಿರ ಡಾಲರಿನ ವಹಿವಾಟಿಗೆ 18 ಡಾಲರ್. ವಿಚಿತ್ರವೆಂದರೆ ಅಲ್ಲಿನ ಅಂಗಡಿಯವರೇ ಮುಂದೆ ನಿಂತು ನಮ್ಮ ಮೇಲೆ ತೆರಿಗೆ ಹಾಕಿ ಎಂದು ಪ್ರಚಾರ ಮಾಡಿದ್ದರು. ನಮ್ಮ ಪೇಟೆಯ ಯಾವ ಶೆಟ್ಟರಾದರೂ ಹಾಗೆ ಕೇಳಿದ್ದುಂಟೇ? ಆದರೆ ಲೆಕ್ಕ ಸರಿಯಾಗಿಯೇ ಇದೆ. ತೆರಿಗೆಯ ರಸೀದಿ ಕೈಯಲ್ಲಿದ್ದರೆ ನಾಳೆ ಬಾಗಿಲು ಮುಚ್ಚಿಸಲು ಬರುವವರ ಮುಂದೆ ತಾವೂ ವ್ಯಾಪಾರಸ್ಥರೆಂದು ಹೇಳಿಕೊಳ್ಳಬಹುದು. ಸಾಗರದವರಿಗೆ ನೀವು ಅಬಕಾರಿಯನ್ನು ನೆನಪಿಸಿ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಉಳಿದ ಮದ್ಯದಿಂದ ಬರುವ ಹಣ ಇಂದಿಗೂ ಸರ್ಕಾರದ ಬೊಕ್ಕಸಕ್ಕೆ ಸೇರುತ್ತದೆ. ಆ ಬೊಕ್ಕಸದಿಂದಲೇ ನೀವು ಜೀವಮಾನವಿಡೀ ಮೇಷ್ಟರ ಸಂಬಳ ಪಡೆದಿರಿ, ಈಗ ಪಿಂಚಣಿ ಪಡೆಯುತ್ತಿದ್ದೀರಿ. ಅದಕ್ಕಾಗಿ ನಿಮ್ಮನ್ನು ಯಾರೂ ಕುಡುಕರೆಂದಿಲ್ಲ.

ಇನ್ನು ಶ್ರೀಧರನ ವಿಷಯ. ಆ ಸೋದರಮಾವ ಅವನಿಗೆ ಫೋನ್ ಮಾಡಿ, ನಿಮ್ಮೂರಿನ ಓಟಿನ ಕಥೆಯೇನಪ್ಪಾ ಎಂದು ಲೋಕಾಭಿರಾಮವಾಗಿ ಕೇಳಿದ್ದಾರೆ. ತೆರಿಗೆ ಲೆಕ್ಕ ಬರೆಯುವುದೇ ಅವನ ಉದ್ಯೋಗ, ಇಂಥ ಪ್ರಶ್ನೆ ಕೇಳಿದರೆ ಬಿಡುತ್ತಾನೆಯೇ? ಇಲ್ಲಿನ ಕೇಂದ್ರ ಸರ್ಕಾರದ ದೃಷ್ಟಿಯಲ್ಲಿ ಗಾಂಜಾ ಇಂದಿಗೂ ಅಪರಾಧ. ಆದರೂ ಆ ವ್ಯಾಪಾರದ ಆದಾಯಕ್ಕೆ ಕೇಂದ್ರದ ತೆರಿಗೆ ಕಟ್ಟಬೇಕು, ಆದಾಯ ತೆರಿಗೆ ಕಾನೂನಿನ 280ಇ ಎಂಬ ವಿಧಿಯ ಪ್ರಕಾರ ಅಂಗಡಿಯ ಬಾಡಿಗೆ, ನೌಕರರ ಸಂಬಳಗಳನ್ನು ಖರ್ಚೆಂದು ಕಳೆಯಲೂ ಬಾರದು. ಇದನ್ನೆಲ್ಲ ಇವನು ಉತ್ಸಾಹದಿಂದ ವಿವರಿಸಿ, ಪಾಪ, ಅವರ ಕಷ್ಟ ದೊಡ್ಡದು ಎಂದನಂತೆ. ಆ ಒಂದು "ಪಾಪ" ಸಾಗರದಲ್ಲಿ ಬೇರೆ ಅರ್ಥ ಪಡೆದಿದೆ. ಅವನ ಆಫೀಸಿಗೆ ಗಾಂಜಾ ಅಂಗಡಿಯ ಲೆಕ್ಕ ಒಂದೂ ಬರುವುದಿಲ್ಲ, ಅವನು ಇಲ್ಲಿನ ಪ್ರಜೆಯಲ್ಲವಾದ್ದರಿಂದ ಅವನಿಗೆ ಓಟೂ ಇಲ್ಲ.

ನನಗೆ ಓಟಿದೆ. ತೆರಿಗೆಗೆ ಹೌದು ಎಂದೂ 19ಕ್ಕೆ ಬೇಡ ಎಂದೂ ಗುರುತು ಹಾಕಿದೆ, ಅದಕ್ಕೆ ನನಗೆ ಸಂಕೋಚವಿಲ್ಲ. ಹೇಗಿದ್ದರೂ ನಡೆಯುವ ವ್ಯಾಪಾರದಿಂದ ಊರಿಗೆ ನಾಲ್ಕು ಕಾಸು ಬರಲಿ ಎಂಬುದು ನನ್ನ ಅಭಿಪ್ರಾಯ. ಸಾಗರದವರು ಕೇಳಿದರೆ ಮಾತ್ರ ಹೇಳಿ.

ಶ್ರೀಧರ ನಮ್ಮ ಮನೆಯಲ್ಲಿಯೇ, ನನ್ನ ಕಣ್ಣೆದುರಿಗೇ ಇದ್ದಾನೆ. ಸಿಗರೇಟಿನ ಹೊಗೆ ಬಂದರೆ ರಸ್ತೆಯ ಆ ಬದಿಗೆ ದಾಟುತ್ತಾನೆ, ಕಾಫಿಯನ್ನು ಸಹ ಅರ್ಧ ಲೋಟವೇ ಕುಡಿಯುತ್ತಾನೆ, ಒಂಬತ್ತೂವರೆಗೆ ಮಲಗುತ್ತಾನೆ, ಏಕಾದಶಿಯನ್ನು ನನಗಿಂತ ಮೊದಲು ನೆನಪಿಡುತ್ತಾನೆ. ಅಲ್ಲದೆ ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಮಾದಕ ವಸ್ತು ಸೇವಿಸಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಆಫೀಸಿನವರೇ ಮೂತ್ರ ಪರೀಕ್ಷೆ ಮಾಡಿಸಿದ್ದರು. ಅದರಲ್ಲಿ ಏನೂ ಸಿಕ್ಕಿಲ್ಲ. ಆ ವರದಿ ಬೇಕೆಂದರೆ ಅವನು ನಾಚಿಕೊಂಡರೂ ಕೇಳಿ ತರಿಸಿ ಕಳಿಸುತ್ತೇನೆ, ಯಾವ ವರನ ಕಡೆಯವರು ಇಂಥ ಪತ್ರ ಕೊಡುತ್ತಾರೆ ನೀವೇ ಹೇಳಿ. ಚಿಂತಿಸಲು ಏನೂ ಇಲ್ಲ, ಖಂಡಿತ ಇಲ್ಲ.

ಪೌರ್ಣಮಿಯ ಒಳಗೆ ನೀವೇ ಒಮ್ಮೆ ಸಾಗರಕ್ಕೆ ಹೋಗಿ ಬನ್ನಿ, ಫೋನಿನಲ್ಲಿ ಮುಗಿಸಬೇಡಿ. ಮತ್ತೆ ಅವರು ಇಲ್ಲಿಗೆ ಫೋನ್ ಮಾಡುವುದಾದರೆ ನನ್ನ ನಂಬರಿಗೆ ಮಾಡಲಿ. ಮಕ್ಕಳ ಕನ್ನಡ ತರಗತಿಗೆ ಹೊತ್ತಾಯಿತು, ಇವರು ಕಾರಿನಲ್ಲಿ ಕುಳಿತು ಕರೆಯುತ್ತಿದ್ದಾರೆ. ಅಮ್ಮನಿಗೆ, ಅಜ್ಜಿಗೆ ನಮಸ್ಕಾರ. ಉಳಿದದ್ದು ಮುಂದಿನ ಕಾಗದದಲ್ಲಿ.

ಇಂತಿ ನಿಮ್ಮ ಮಗಳು,
ವಸುಧಾ