ವೇದಿಕೆ ಚಿಕ್ಕದಿರಲಿ, ಮೇಜು ಹೆಚ್ಚಿರಲಿ

ಗೆಳೆಯಾ,

ನಿಮ್ಮ ಊರಿನ ಬಹುಸಂಸ್ಕೃತಿ ಹಬ್ಬದ ಹೊಣೆ ನಿನ್ನ ತಲೆಗೇ ಬಂತೆಂದು ಬರೆದಿದ್ದೀಯ. ಜೊತೆಗಿಟ್ಟಿದ್ದ ಕಾರ್ಯಕ್ರಮದ ಪಟ್ಟಿಯನ್ನೂ ನೋಡಿದೆ. ಹನ್ನೆರಡು ತಂಡ, ತಂಡಕ್ಕೆ 15 ನಿಮಿಷ, ಒಟ್ಟು ಮೂರು ಗಂಟೆ ಎಂದು ಹಾಕಿದ್ದೀಯ. ಆ ಲೆಕ್ಕದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇಂಥ ಹಬ್ಬ ಎಡವುವುದು ಬಹುತೇಕ ಅಲ್ಲೇ.

ಒಂದು ತಂಡ ಇಳಿದು ಇನ್ನೊಂದು ಹತ್ತಿ, ಮೈಕು ಸರಿಮಾಡಿಕೊಂಡು ನಿಲ್ಲುವುದಕ್ಕೆ ಆರು ನಿಮಿಷ ಬೇಕು. ನಿರೂಪಕರ ಮಾತಿಗೆ ಎರಡು. ಅಲ್ಲಿಗೆ ತಂಡಕ್ಕೆ 23 ನಿಮಿಷ, ಹನ್ನೆರಡಕ್ಕೆ 276. ನಾಲ್ಕೂವರೆ ಗಂಟೆ ಮೀರಿತು, ಅತಿಥಿಗಳ ಭಾಷಣ ಇನ್ನೂ ಸೇರಿಲ್ಲ. ಕೊನೆಯ ತಂಡದ ಸರದಿ ಬರುವ ಹೊತ್ತಿಗೆ ಜನ ಎದ್ದು ಹೋಗಿರುತ್ತಾರೆ. ಆ ಕೊನೆಯ ತಂಡ ಯಾರದು? ತಡವಾಗಿ ಒಪ್ಪಿಗೆ ಕೊಟ್ಟವರದು, ಅಂದರೆ ಸಂಘ ಇಲ್ಲದ, ಅಧ್ಯಕ್ಷರಿಲ್ಲದ, ಊರಲ್ಲಿ ನಲವತ್ತೇ ಮನೆ ಇರುವ ಸಮುದಾಯದ್ದು. ಬ್ಯಾನರಿನಲ್ಲಿ ಎಲ್ಲರೂ ಸಮಾನರೆಂದು ಬರೆದು ಅವರನ್ನು ಖಾಲಿ ಕುರ್ಚಿಗಳ ಮುಂದೆ ಕುಣಿಸಿದಂತಾಗುತ್ತದೆ.

ಎಂಟು ನಿಮಿಷ ಪ್ರದರ್ಶನ, ನಿರೂಪಕರ ಮಾತೂ ಸೇರಿ ಮೂರು ನಿಮಿಷ ಬದಲಾವಣೆ ಎಂದು ಕಟ್ಟುನಿಟ್ಟು ಮಾಡು. 132 ನಿಮಿಷಕ್ಕೆ ಮುಗಿಯುತ್ತದೆ. ಸರದಿಯನ್ನು ಎಲ್ಲರ ಎದುರೇ ಚೀಟಿ ಎತ್ತಿ ಗೊತ್ತುಮಾಡು. ಮೂರೇ ನಿಮಿಷದಲ್ಲಿ ಬದಲಾವಣೆ ಆಗಬೇಕೆಂದರೆ ಹಾಡಿನ ಫೈಲುಗಳೆಲ್ಲ ಮೂರು ದಿನ ಮೊದಲೇ ಕೈಸೇರಿ, ಸರದಿಯ ಸಂಖ್ಯೆ ಹಚ್ಚಿ, ಒಂದೇ ಲ್ಯಾಪ್‌ಟಾಪಿನಲ್ಲಿ ಕೂತಿರಬೇಕು. ‘ನಮ್ಮ ಹುಡುಗನ ಫೋನಲ್ಲಿದೆ’ ಎಂದರೆ ಒಪ್ಪಬೇಡ. ನೃತ್ಯದ ನಡುವೆ ಆ ಫೋನಿಗೆ ಕರೆ ಬಂದರೆ ರಿಂಗ್‌ಟೋನ್ ಇಡೀ ಮೈದಾನಕ್ಕೆ ಕೇಳಿಸುತ್ತದೆ. ವಾದ್ಯ ನುಡಿಸುವವರನ್ನು ಒಂದರ ಹಿಂದೊಂದು ಇಡಬೇಡ, ನಡುವೆ ರೆಕಾರ್ಡಿಗೆ ಕುಣಿಯುವ ತಂಡವೊಂದನ್ನು ಹಾಕು. ಅವರು ಕುಣಿಯುತ್ತಿರುವಾಗ ಹಿಂದೆ ಮೈಕು ಜೋಡಿಸಿಕೊಳ್ಳಬಹುದು. ಈ ಕಾರಣಕ್ಕೆ ಚೀಟಿಯನ್ನೂ ವಾದ್ಯದವರಿಗೆ, ನೃತ್ಯದವರಿಗೆ ಬೇರೆಬೇರೆಯಾಗಿ ಎತ್ತಬೇಕು.

ಆದರೆ ನನ್ನ ಅಸಲು ತಕರಾರು ವೇದಿಕೆಯ ಮೇಲೇ. ವೇದಿಕೆಯಲ್ಲಿ ಪ್ರತಿ ಸಮುದಾಯವೂ ಒಂದು ವೇಷ, ಒಂದು ಕುಣಿತ ಆಗಿಬಿಡುತ್ತದೆ. ನೋಡುವವರು ಚಪ್ಪಾಳೆ ತಟ್ಟಿ, ಒಂದು ಮಾತೂ ಆಡದೆ ಮನೆಗೆ ಹೋಗುತ್ತಾರೆ. ಮಹಾನಗರಗಳಲ್ಲಾದರೆ ಒಂದೊಂದು ಸಮುದಾಯಕ್ಕೂ ತನ್ನದೇ ಹಬ್ಬ ನಡೆಸುವಷ್ಟು ಜನಬಲ ಇರುತ್ತದೆ. ನಡುಗಾತ್ರದ ಊರಲ್ಲಿ ಅದಿಲ್ಲ, ಹಾಗಾಗಿ ಎಲ್ಲರೂ ಒಂದೇ ಅಂಗಳಕ್ಕೆ ಬರುತ್ತಾರೆ. ಅದನ್ನು ಬಳಸಿಕೋ. ಅರ್ಧ ಹೊತ್ತನ್ನೂ ಮುಕ್ಕಾಲು ಜಾಗವನ್ನೂ ಮೇಜುಗಳಿಗೆ ಕೊಡು. ಒಂದು ಮೇಜಿಗೆ ಇಬ್ಬರು ತೋರಿಸುವವರು, ಆರರಿಂದ ಎಂಟು ಮಂದಿ ಕಲಿಯುವವರು, ಇಪ್ಪತ್ತು ನಿಮಿಷ. ಬಂದವರ ಕೈಗೆ ಕೆಲಸ ಇರಬೇಕು: ಹೆಣೆಯುವುದು, ಮಡಿಸುವುದು, ಒಂದು ಆಟ, ನಾಲ್ಕು ಸಾಲಿನ ಜೋಗುಳ, ತಮ್ಮ ಹೆಸರನ್ನು ಇನ್ನೊಂದು ಲಿಪಿಯಲ್ಲಿ ಬರೆಯುವುದು. ಲಿಪಿಯ ಮೇಜಿಗೆ ಸದಾ ಜನ ಮುತ್ತುತ್ತಾರೆ, ಆದ್ದರಿಂದ ಅಲ್ಲಿ ಮೂವರನ್ನಾದರೂ ಕೂರಿಸು. ಕಿವುಡರ ಸಂಜ್ಞಾಭಾಷೆಗೂ ಒಂದು ಮೇಜು ಇಡು. ಅದೂ ಒಂದು ಭಾಷಾ ಸಮುದಾಯವೇ, ಆದರೆ ಪಟ್ಟಿ ಮಾಡುವವರಿಗೆ ನೆನಪಾಗುವುದೇ ಇಲ್ಲ. ನಿನಗೂ ನೆನಪಾಗಿಲ್ಲ, ನೋಡಿದೆ.

ಪಟ್ಟಿ ಅಂದಾಗ ಇನ್ನೊಂದು. ಜನಗಣತಿಯ ಮಾತೃಭಾಷೆಯ ಕೋಷ್ಟಕ ಒಳ್ಳೆಯ ಆರಂಭ, ಆದರೆ ಹಳೆಯದಾಗಿರುತ್ತದೆ. ಶಾಲೆಯ ದಾಖಲಾತಿ ನೋಡುವವರು, ಆಸ್ಪತ್ರೆಯ ನರ್ಸುಗಳು, ಕಟ್ಟಡದ ಮೇಸ್ತ್ರಿಗಳು, ವಿದ್ಯಾರ್ಥಿನಿಲಯದ ವಾರ್ಡನ್‌ಗಳು, ಇವರನ್ನು ಕೇಳಿದರೆ ನಿಜವಾಗಿ ಊರಲ್ಲಿ ಯಾರಿದ್ದಾರೆಂದು ತಿಳಿಯುತ್ತದೆ. ಒಂದು ಸಂಘದ ಅಧ್ಯಕ್ಷರು ಒಪ್ಪಿದರೆ ಆ ಸಮುದಾಯವೇ ಒಪ್ಪಿತೆಂದು ತಿಳಿಯಬೇಡ. ಪ್ರತಿಯೊಂದರಿಂದಲೂ ಇಬ್ಬರನ್ನು ಕರೆ, ಒಬ್ಬರು ಹೆಂಗಸೋ ಯುವಕರೋ ಆಗಿರಲಿ. ಹಬ್ಬಕ್ಕೆ ನಾಲ್ಕು ತಿಂಗಳು ಮುಂಚೆ, ಏನೂ ತೀರ್ಮಾನ ಆಗದಿರುವಾಗಲೇ ಕರೆ. ಎಲ್ಲ ಮುಗಿದ ಮೇಲೆ ಕರೆದರೆ ಅವರು ಬರುವುದು ಬರೀ ಬಾಡಿಗೆ ಕಲಾವಿದರಾಗಿ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ದುಡಿಯುವವರು ಬರಲಾರರು, ರಾತ್ರಿ ಏಳೂವರೆಗೆ ಇಡು.

ದಿನಾಂಕದ ವಿಷಯ. ಮೇ 21ಕ್ಕೇ ಅಂಟಿಕೊಂಡಿದ್ದೀಯ. ಯುನೆಸ್ಕೋ 2001ರಲ್ಲಿ ಸಾಂಸ್ಕೃತಿಕ ವೈವಿಧ್ಯದ ಘೋಷಣೆ ಹೊರಡಿಸಿತು, ಮರುವರ್ಷ ವಿಶ್ವಸಂಸ್ಥೆಯ ಮಹಾಸಭೆ ಮೇ 21ನ್ನು ಸಾಂಸ್ಕೃತಿಕ ವೈವಿಧ್ಯದ ದಿನವೆಂದು ಗೊತ್ತುಮಾಡಿತು, ನಿಜ. ಫೆಬ್ರುವರಿ 21ರ ಮಾತೃಭಾಷಾ ದಿನವೂ ಹಾಗೇ ಚಂದ. ಆದರೆ ಮೊದಲು ಪಂಚಾಂಗಗಳನ್ನು ಪಕ್ಕಪಕ್ಕ ಹರಡಿಕೊಂಡು ನೋಡು. ಇಸ್ಲಾಮಿ ವರ್ಷ 354 ಅಥವಾ 355 ದಿನದ್ದು, ಹಾಗಾಗಿ ಉಪವಾಸದ ತಿಂಗಳು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹೋದ ಸಲ ತೊಂದರೆ ಇರಲಿಲ್ಲ ಎಂಬುದು ಈ ಸಲಕ್ಕೆ ಸಾಕ್ಷಿಯಲ್ಲ. ಪಾಶ್ಚಾತ್ಯ ಚರ್ಚುಗಳ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳುತ್ತದೆ. ಅಧಿಕ ಮಾಸ 19 ವರ್ಷಕ್ಕೆ ಏಳು ಸಲ ಬಂದು ಚಾಂದ್ರಮಾನದ ಹಬ್ಬಗಳನ್ನು ಮುಂದೆ ತಳ್ಳುತ್ತದೆ. ಶುಕ್ರವಾರ ಮಧ್ಯಾಹ್ನ ಕೆಲವರಿಗೆ, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಕೆಲವರಿಗೆ, ಭಾನುವಾರ ಬೆಳಿಗ್ಗೆ ಇನ್ನು ಕೆಲವರಿಗೆ ಆಗದು. ಉಳಿಯುವುದು ಭಾನುವಾರ ಮಧ್ಯಾಹ್ನ ಮೂರರಿಂದ ಏಳು. ಪ್ರಾರ್ಥನೆಗೂ ಹಾಲೂಡುವ ತಾಯಂದಿರಿಗೂ ಒಂದೊಂದು ಬೇರೆ ಕೋಣೆ ಇರಲಿ.

ಇನ್ನು ಬ್ಯಾನರ್. ಎಂಟು ಲಿಪಿಯಲ್ಲಿ ‘ಸ್ವಾಗತ’ ಬರೆಸುತ್ತೀಯಂತೆ. ಹುಷಾರು. ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು, ‘ಸ್ವಾ’ ಎಂಬುದು ‘ಸ್‌ವಾ’ ಆಗಿ ನಿಂತ ಕನ್ನಡದ ಫಲಕ ನೋಡಿದಾಗ ನಮಗೆ ಹೇಗಾಗುತ್ತದೆ? ಅಕ್ಷರ ಜೋಡಿಸಲು ಬಾರದ ತಂತ್ರಾಂಶಕ್ಕೆ ಪಠ್ಯ ಅಂಟಿಸಿದರೆ ಆಗುವುದು ಅದೇ. ಅರಬ್ಬಿ, ಉರ್ದು ಲಿಪಿಗಂತೂ ಇನ್ನೂ ಅನ್ಯಾಯ: ಕೂಡಿಕೊಳ್ಳಬೇಕಾದ ಅಕ್ಷರ ಬಿಡಿಬಿಡಿಯಾಗಿ, ಬಲದಿಂದ ಓದಬೇಕಾದ್ದು ಎಡದಿಂದ ಸಾಲುಗಟ್ಟುತ್ತದೆ. ಕಂಪ್ಯೂಟರ್ ಅನುವಾದ ನಂಬಬೇಡ. ಆ ಭಾಷೆಯವರಿಂದಲೇ ಬರೆಸಿ, ಮತ್ತೆ ಕೆಡದಂತೆ ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿದ ಪಿಡಿಎಫ್ ತರಿಸು. ಮುದ್ರಣಕ್ಕೆ ಮುಂಚೆ ಪ್ರೂಫನ್ನು ಅದೇ ಭಾಷೆಯ ಬೇರೊಬ್ಬರಿಗೆ ತೋರಿಸು, ಬರೆದವರಿಗೆ ತಮ್ಮ ತಪ್ಪು ಕಾಣುವುದಿಲ್ಲ. ಬಾವುಟಗಳು ಬೇಡವೇ ಬೇಡ. ಒಂದು ಭಾಷೆಗೆ ಹತ್ತು ದೇಶ ಇರುತ್ತದೆ, ದೇಶ ಬಿಟ್ಟು ಓಡಿಬಂದವರಿಗೆ ಅಲ್ಲಿನ ಬಾವುಟ ನೋಡಲೂ ಆಗದಿರಬಹುದು.

ನಿರೂಪಕರಿಗೆ ಹೆಸರುಗಳ ಉಚ್ಚಾರ ಬರಹದಲ್ಲಿ ಕೊಟ್ಟರೆ ಸಾಲದು. ಆಯಾ ತಂಡದವರೇ ಹೇಳಿದ ಧ್ವನಿ ಮುದ್ರಿಸಿ ಕಳಿಸು. ಪರಿಚಯದ ಎರಡು ಸಾಲನ್ನೂ ಅವರೇ ಬರೆಯಲಿ. ಪೂಜೆಯ ಭಾಗವಾದದ್ದನ್ನು ವೇದಿಕೆಗೆ ತರಬಹುದೇ ಎಂದು ಮೊದಲೇ ಕೇಳು. ಬೇಡವೆಂದರೆ ಕಾರಣ ಕೆದಕಬೇಡ.

ಊಟದ ಮಳಿಗೆಗಳಲ್ಲಿ ತುತ್ತು ಚಿಕ್ಕದಿರಲಿ. ತಟ್ಟೆ ತುಂಬ ಕೊಟ್ಟರೆ ಜನ ಬಾಗಿಲ ಬಳಿಯ ಮಳಿಗೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಹೊರಡುತ್ತಾರೆ, ಮೂಲೆಯವರು ಸೌಟು ಹಿಡಿದು ಕಾಯುತ್ತಾರೆ. 75 ಗ್ರಾಮಿನ ರುಚಿ, ಮಳಿಗೆಗೆ 300 ಎಂದಿಟ್ಟುಕೊಂಡರೆ ಇಪ್ಪತ್ತೆರಡೂವರೆ ಕಿಲೋ ಸಾಕು. ಮಾಂಸ, ಮೊಟ್ಟೆ, ಹಾಲು, ಗೋಧಿ, ಬೀಜಗಳು, ಮದ್ಯ, ಏನೇನಿದೆಯೋ ಅದನ್ನು ಮಡಕೆಯ ಮುಂದೆ ದಪ್ಪಕ್ಷರದಲ್ಲಿ ಬರೆಸು. ಸೌಟು ಬೇರೆಬೇರೆ ಇರಲಿ. ಬಿಸಿಯದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5ಕ್ಕಿಂತ ಕೆಳಗೆ. ಹೊರಗಿಟ್ಟದ್ದು ಎರಡು ಗಂಟೆ, ಸೆಖೆ ಹೆಚ್ಚಿದ್ದರೆ ಒಂದೇ ಗಂಟೆ, ಆಮೇಲೆ ಬಡಿಸುವಂತಿಲ್ಲ. 2000 ವಾಟಿನ ಇಂಡಕ್ಷನ್ ಒಲೆ ಎರಡನ್ನು ಒಂದೇ 16 ಆಂಪಿಯರ್ ಸಾಕೆಟ್ಟಿಗೆ ಚುಚ್ಚಿದರೆ 230 ವೋಲ್ಟಿನಲ್ಲಿ 17 ಆಂಪಿಯರ್ ದಾಟುತ್ತದೆ. ಆ ಸಾಲಿಗೆಲ್ಲ ಕರೆಂಟು ಹೋಗಬಹುದು, ಧ್ವನಿವರ್ಧಕದ ತಂತಿಯೂ ಅದರಲ್ಲೇ ಇದ್ದರೆ ಹಾಡೂ ನಿಲ್ಲುತ್ತದೆ. ಒಲೆಗಳಿಗೂ ಧ್ವನಿವರ್ಧಕಕ್ಕೂ ಬೇರೆಬೇರೆ ಲೈನ್ ಕೇಳು.

ದುಡ್ಡಿನ ಮಾತು ಕಡೆಗೆ ಉಳಿಯಿತು, ಆದರೆ ಸಣ್ಣದಲ್ಲ. ‘ಮೊದಲು ಖರ್ಚು ಮಾಡಿ, ರಸೀದಿ ಕೊಡಿ, ತಿಂಗಳಲ್ಲಿ ಕೊಡುತ್ತೇವೆ’ ಎಂದೊಡನೆ ದಿನಗೂಲಿಯವರು ಮೌನವಾಗಿ ಹಿಂದೆ ಸರಿಯುತ್ತಾರೆ. ಯಾರೂ ನಿನ್ನ ಹತ್ತಿರ ಬಂದು ಕಾರಣ ಹೇಳುವುದಿಲ್ಲ. ಸಾಮಗ್ರಿಯ ಹಣ ಮುಂಗಡವಾಗಿ, ಎಲ್ಲರಿಗೂ ಒಂದೇ ಮೊತ್ತ ಕೊಡು.

ಹೊಸ ಪಟ್ಟಿ ಮಾಡಿ ಕಳಿಸು. ಬ್ಯಾನರಿನ ಪ್ರೂಫ್ ಬಂದಾಗ ಅದನ್ನೂ ಕಳಿಸು. ಉಳಿದ ಏಳು ಲಿಪಿಗೆ ನಿನ್ನ ಊರಿನವರನ್ನು ಹುಡುಕಿಕೋ, ಕನ್ನಡದ ಸಾಲನ್ನು ನಾನು ಓದಿ ಹೇಳುತ್ತೇನೆ.

ನಿನ್ನ ಗೆಳೆಯ