ಕೊಲ್ಲುವ ನಿರ್ಧಾರ ಯಂತ್ರದ ಪಾಲಾಗದಿರಲಿ

ಮಾನ್ಯರೇ,

ಕಾಡಾನೆಗಳ ಜಾಡು ಹಿಡಿಯಲು ಹಾರಿಸುವ ಡ್ರೋನ್ ಬೇಲೂರು, ಸಕಲೇಶಪುರ ಭಾಗದ ನಮಗೆ ಹೊಸತಲ್ಲ. ಅಂಥದೇ ಯಂತ್ರ ಸಿಡಿತಲೆ ಹೊತ್ತು ಯುದ್ಧದ ಸ್ವರೂಪವನ್ನೇ ಬದಲಿಸುತ್ತಿರುವ ಬಗ್ಗೆ ಮಾತ್ರ ಆಗಬೇಕಾದಷ್ಟು ಚರ್ಚೆ ಆಗುತ್ತಿಲ್ಲ. 2020ರ ನಾಗೋರ್ನೊ–ಕರಾಬಖ್ ಯುದ್ಧದಲ್ಲಿ ಅಜರ್‌ಬೈಜಾನ್ ದೇಶವು ಟರ್ಕಿ ಮತ್ತು ಇಸ್ರೇಲ್ ನಿರ್ಮಿತ ಡ್ರೋನ್‌ಗಳಿಂದಲೇ ಎದುರಾಳಿ ಅರ್ಮೇನಿಯಾ ಪಡೆಗಳ ಟ್ಯಾಂಕ್, ಫಿರಂಗಿಗಳನ್ನು ಧ್ವಂಸಗೊಳಿಸಿತು. ಉಕ್ರೇನ್‌ನಲ್ಲಂತೂ ರೇಡಿಯೊ ಸಂಕೇತಗಳನ್ನು ತಡೆಯುವ ಜಾಮರ್‌ಗಳಿಗೆ ಸಿಗದಂತೆ, ಕೂದಲೆಳೆಯಷ್ಟು ತೆಳುವಾದ ಆಪ್ಟಿಕಲ್ ಫೈಬರ್ ಎಳೆಯನ್ನು ಬಿಚ್ಚಿಕೊಳ್ಳುತ್ತಲೇ ಹಾರುವ ಡ್ರೋನ್‌ಗಳೂ ಬಂದಿವೆ.

ಇದರಿಂದ ಸೈನಿಕರ ಜೀವ ಉಳಿಯುತ್ತದೆ, ಗುರಿಯೂ ನಿಖರವಾಗಿರುತ್ತದೆ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ 2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಅಮೆರಿಕದ ಡ್ರೋನ್, ನೀರಿನ ಕ್ಯಾನ್‌ಗಳಿದ್ದ ಕಾರೊಂದನ್ನು ಗಂಟೆಗಟ್ಟಲೆ ಹಿಂಬಾಲಿಸಿ, ಅದರಲ್ಲಿ ಸ್ಫೋಟಕವಿದೆಯೆಂಬ ನಂಬಿಕೆಯಿಂದ ಕ್ಷಿಪಣಿ ಹಾರಿಸಿದಾಗ 7 ಮಕ್ಕಳು ಸೇರಿ 10 ಮಂದಿ ನಾಗರಿಕರು ಸತ್ತರು. ಸೇನೆ ತಪ್ಪು ಒಪ್ಪಿಕೊಂಡಿತೇ ಹೊರತು ಯಾರ ಮೇಲೂ ಶಿಸ್ತುಕ್ರಮ ಜರುಗಲಿಲ್ಲ. ಇದು ಎಂಥ ನ್ಯಾಯ? ಕ್ಯಾಮೆರಾ ಎಷ್ಟೇ ಸ್ಪಷ್ಟವಾಗಿದ್ದರೂ ಅದರ ಹಿಂದೆ ಕುಳಿತವರ ಊಹೆ ತಪ್ಪಿದರೆ ನಿಖರತೆಯೇ ಮೃತ್ಯುವಾಗುತ್ತದೆ.

ನಮ್ಮ ದೇಶವೂ 31 ಎಂಕ್ಯೂ–9ಬಿ ಸಶಸ್ತ್ರ ಡ್ರೋನ್‌ಗಳಿಗಾಗಿ 2024ರಲ್ಲಿ ಅಮೆರಿಕದೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಗಡಿಯ ರಕ್ಷಣೆಗೆ ಅವು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನುಷ್ಯನ ಅಂಕೆಯಿಲ್ಲದೆ ತಾವೇ ಗುರಿ ಆರಿಸಿಕೊಳ್ಳುವ ಶಸ್ತ್ರಗಳನ್ನು ನಿಷೇಧಿಸುವ ಒಪ್ಪಂದ 2026ರೊಳಗೆ ಆಗಬೇಕೆಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರಸ್ 2023ರಲ್ಲೇ ಕರೆ ನೀಡಿದ್ದರು. ಅದೇ ವರ್ಷ ಈ ವಿಷಯದ ಕುರಿತ ಸಾಮಾನ್ಯ ಸಭೆಯ ನಿರ್ಣಯಕ್ಕೆ ಭಾರತ ವಿರುದ್ಧವಾಗಿ ಮತ ಹಾಕಿತು. ಕೇಂದ್ರ ಸರ್ಕಾರ ಈ ನಿಲುವನ್ನು ಮರುಪರಿಶೀಲಿಸಬೇಕು. ಹಾಸನ ಮತ್ತು ಚಿಕ್ಕಮಗಳೂರು ಭಾಗದ ಸಂಸದರು ಲೋಕಸಭೆಯಲ್ಲಿ ಈ ಪ್ರಶ್ನೆ ಎತ್ತಬೇಕೆಂದು ಕೋರುತ್ತೇನೆ.

— ನಿವೃತ್ತ ಉಪನ್ಯಾಸಕ, ಬೇಲೂರು, ಹಾಸನ ಜಿಲ್ಲೆ